ಅವನಿಗೆ 8 ಅಂತ ಗೊತ್ತಿತ್ತು, ಕಾಣುತ್ತಿದ್ದದ್ದು 3

ಮಗನನ್ನೋ ಮಗಳನ್ನೋ ಪೈಲಟ್ ಮಾಡಿಸಲು ಹೊರಟ ಮನೆಯವರು ಈಚೆಗೆ ನನ್ನ ಹತ್ತಿರ ಬರುವುದು ಜಾಸ್ತಿಯಾಗಿದೆ. ನಾನು ಆಪ್ತಸಲಹೆಗಾರ್ತಿ, ಸಾಲ ಕೊಡಿಸುವವಳಲ್ಲ, ವಿಮಾನದ ವಿಷಯ ಕಲಿಸುವವಳೂ ಅಲ್ಲ. ಆದರೂ ಬರುತ್ತಾರೆ. ಮೊದಲ ಕಂತು ಕಟ್ಟುವ ಹೊತ್ತಿಗೆ ಮನೆಯಲ್ಲಿ ಯಾರಾದರೊಬ್ಬರ ನಿದ್ದೆ ಹಾರಿಹೋಗಿರುತ್ತದೆ, ಹಾಗಾಗಿ ಬರುತ್ತಾರೆ. ಅಂಥ ಒಂದು ಮನೆಯ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ನಾನು ನಡೆದುಕೊಂಡ ರೀತಿಗೆ ಹುಡುಗನ ತಂದೆಯೂ, ನನ್ನ ಜೊತೆಯ ಸಲಹೆಗಾರರೊಬ್ಬರೂ ತಕರಾರು ತೆಗೆದರು. ಹುಡುಗ ಒಪ್ಪಿದ್ದಾನೆ. ಗುರುತು ಸಿಗದ ಹಾಗೆ ಊರು, ಹೆಸರು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನನ್ನು ಚೇತನ್ ಎಂದು ಕರೆಯೋಣ. ವಯಸ್ಸು 19. ಮಲೆನಾಡಿನ ಕಡೆಯವರು, ಸಣ್ಣ ಕಾಫಿ ತೋಟ. ಎರಡು ವರ್ಷ ಕಾಫಿಗೆ ಒಳ್ಳೆ ರೇಟು ಸಿಕ್ಕಿತ್ತು. ತಂದೆಗೆ ಬಹಳ ದಿನದ ಆಸೆ, ಮಗನಿಗೂ ಆಸೆ, ಊರಿಗೆಲ್ಲ ಸುದ್ದಿ ಆಗಿತ್ತು. ಕರೆದುಕೊಂಡು ಬಂದದ್ದು ತಾಯಿ. "ರಾತ್ರಿಯೆಲ್ಲಾ ಫೋನ್ ಹಿಡ್ಕೊಂಡು ಕೂತಿರ್ತಾನೆ ಮೇಡಂ, ಊಟ ಸೇರಲ್ಲ. ಮನೆ ಬಿಟ್ಟು ಹೋಗ್ಬೇಕಲ್ಲ ಅಂತ ಭಯ ಇರ್ಬೇಕು. ಸ್ವಲ್ಪ ಧೈರ್ಯ ಹೇಳಿ" ಅಂದರು. ತಂದೆ ಪ್ಲಾಸ್ಟಿಕ್ ಫೈಲು ತೆರೆದು ಲೆಕ್ಕದ ಹಾಳೆ ನನ್ನ ಮುಂದಿಟ್ಟರು.

ಆ ಹಾಳೆಯ ಬಗ್ಗೆ ಎರಡು ಮಾತು. ಅದು ತರಬೇತಿ ಶಾಲೆಗೆ ಹುಡುಗರನ್ನು ಸೇರಿಸಿಕೊಡುವ ಒಬ್ಬ ಏಜೆಂಟ್ ಕೊಟ್ಟದ್ದು. 200 ಗಂಟೆ ಹಾರಾಟ, ಕಮರ್ಷಿಯಲ್ ಪೈಲಟ್ ಲೈಸೆನ್ಸ್, 45 ಲಕ್ಷ, 18 ತಿಂಗಳು ಎಂದು ದೊಡ್ಡ ಅಕ್ಷರದಲ್ಲಿತ್ತು. ಕೆಳಗೆ ಒಂದು ನಕ್ಷತ್ರದ ಗುರುತು, ಅದರ ಪಕ್ಕದಲ್ಲಿ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ "ಟೈಪ್ ರೇಟಿಂಗ್ ಪ್ರತ್ಯೇಕ". ಟೈಪ್ ರೇಟಿಂಗ್ ಅಂದರೆ ಎ320, ಬೋಯಿಂಗ್ 737ರಂಥ ನಿರ್ದಿಷ್ಟ ವಿಮಾನ ಓಡಿಸಲು ಪಡೆಯುವ ತರಬೇತಿ. ಅದಕ್ಕೇ ಇನ್ನೂ ಹದಿನೈದು ಲಕ್ಷದ ಆಸುಪಾಸು ಬೇಕು. ಹಾಸ್ಟೆಲ್ಲು, ಊಟ ಲೆಕ್ಕದಲ್ಲಿಲ್ಲ. ಮಳೆಗಾಲದಲ್ಲಿ ಹಾರಾಟ ನಿಂತು, ವಿಮಾನ ರಿಪೇರಿಗೆ ಹೋಗಿ, ಇನ್‌ಸ್ಟ್ರಕ್ಟರ್ ಸಿಗದೆ 18 ತಿಂಗಳು ಎರಡೂವರೆ ವರ್ಷ ಆಗುವುದು ಈ ಲೈನಿನಲ್ಲಿ ಮಾಮೂಲಿ, ಅದೂ ಲೆಕ್ಕದಲ್ಲಿಲ್ಲ. ಲೈಸೆನ್ಸ್ ಕೈಗೆ ಬಂದು ಕೆಲಸ ಸಿಗುವವರೆಗಿನ ಕಾಯುವ ಕಾಲ ಯಾವ ಏಜೆಂಟಿನ ಹಾಳೆಯಲ್ಲೂ ಇರುವುದಿಲ್ಲ ಬಿಡಿ. ಆ ಕಾಲದಲ್ಲೂ ಪ್ರತಿ ವರ್ಷ ಮೆಡಿಕಲ್ ಮಾಡಿಸಬೇಕು, ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ, ಊರ್ಜಿತವಾಗಿಟ್ಟುಕೊಳ್ಳಬೇಕು. ಎಲ್ಲಕ್ಕೂ ದುಡ್ಡು.

ಏಜೆಂಟ್ ತಂದೆಗೆ ಹೇಳಿದ್ದು ಇಂಡಿಗೋ 2023ರಲ್ಲಿ 500 ವಿಮಾನ ಆರ್ಡರ್ ಮಾಡಿದ್ದನ್ನು, ಏರ್ ಇಂಡಿಯಾ ಅದೇ ವರ್ಷ 470 ಆರ್ಡರ್ ಮಾಡಿದ್ದನ್ನು. ಸುಳ್ಳಲ್ಲ. ಆದರೆ ಅದೇ 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತುಹೋಯಿತು. 2019ರಲ್ಲಿ ಜೆಟ್, 2012ರಲ್ಲಿ ಕಿಂಗ್‌ಫಿಷರ್. ಒಂದು ಕಂಪನಿ ಮುಚ್ಚಿದರೆ ಸಾವಿರಾರು ಗಂಟೆ ಹಾರಿಸಿದ ಅನುಭವಿಗಳು ಕೆಲಸ ಹುಡುಕುತ್ತಾ ನಿಲ್ಲುತ್ತಾರೆ, 200 ಗಂಟೆಯ ಹುಡುಗ ಅವರ ಹಿಂದೆ ನಿಲ್ಲಬೇಕು. ಇದನ್ನು ಹೇಳಿದಾಗ ತಂದೆಗೆ ಸ್ವಲ್ಪ ಬೇಜಾರಾಯಿತು. "ನೀವು ಧೈರ್ಯ ಹೇಳ್ತೀರಾ ಅಂತ ಬಂದ್ವಿ" ಅಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಕ್ಲಾಸ್ 1 ಮೆಡಿಕಲ್ ಆಗಿದೆಯಾ?

ಪೈಲಟ್‌ಗಳ ಆರೋಗ್ಯ ತಪಾಸಣೆಯಲ್ಲಿ ಹೆಚ್ಚು ಕಟ್ಟುನಿಟ್ಟಿನದು ಕ್ಲಾಸ್ 1, ಅದಕ್ಕಿಂತ ಸಡಿಲದ್ದು ಕ್ಲಾಸ್ 2. ಇವನಿಗೆ ಕ್ಲಾಸ್ 1 ಆಗಿರಲಿಲ್ಲ. ಕ್ಲಾಸ್ 2 ಕೂಡ ಆಗಿರಲಿಲ್ಲ. ಏಜೆಂಟ್ "ಕ್ಲಾಸ್ 2 ಇದ್ರೆ ಟ್ರೈನಿಂಗ್ ಶುರು ಮಾಡ್ಬಹುದು, ಕ್ಲಾಸ್ 1 ಆಮೇಲೆ ನೋಡ್ಕೊಳ್ಳೋಣ" ಅಂದಿದ್ದನಂತೆ. ನಿಯಮದ ಪ್ರಕಾರ ಇದು ಸರಿ, ಸ್ಟೂಡೆಂಟ್ ಪೈಲಟ್ ಲೈಸೆನ್ಸಿಗೆ ಕ್ಲಾಸ್ 2 ಸಾಕು. ಆದರೆ ಕಮರ್ಷಿಯಲ್ ಲೈಸೆನ್ಸಿಗೆ ಕ್ಲಾಸ್ 1 ಇಲ್ಲದೆ ಆಗುವುದೇ ಇಲ್ಲ. ಅರ್ಧ ದುಡ್ಡು ಕಟ್ಟಿ, ನೂರು ಗಂಟೆ ಹಾರಿಸಿ, ಆಮೇಲೆ ಕ್ಲಾಸ್ 1ರಲ್ಲಿ ಸಿಕ್ಕಿಹಾಕಿಕೊಂಡರೆ ಆ ದುಡ್ಡನ್ನು ಯಾರು ವಾಪಸ್ ಕೊಡುತ್ತಾರೆ? ಇವರಂತೂ ಸೀಟು ಹಿಡಿಯಲು ಅಂತ ಆಗಲೇ 2 ಲಕ್ಷ ಅಡ್ವಾನ್ಸ್ ಕೊಟ್ಟಿದ್ದರು.

ನಾನು ಈ ಪ್ರಶ್ನೆ ಕೇಳಿದಾಗ ಚೇತನ್ ತಲೆ ಎತ್ತಲಿಲ್ಲ. ಮುಂದಿನ ಸಲ ಅವನೊಬ್ಬನನ್ನೇ ಕೂರಿಸಿಕೊಂಡೆ.

ಆ ದಿನ ಬಹಳ ಹೊತ್ತು ಸುಮ್ನೆ ಮಾತಾಡಿದೆವು. ತೋಟದ ಬಗ್ಗೆ, ಕಾಲೇಜಿನ ಬಗ್ಗೆ. ಫ್ಲೈ ಪಿಕ್ಕಿಂಗ್ ಅಂದರೆ ಅವನಿಗೆ ಆಗುವುದೇ ಇಲ್ಲವಂತೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅರೇಬಿಕಾ ಗಿಡದಲ್ಲಿ ಹಣ್ಣೆಲ್ಲ ಒಟ್ಟಿಗೆ ಆಗುವುದಿಲ್ಲ, ಮೊದಲ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪಾದದ್ದನ್ನು ಮಾತ್ರ ಆರಿಸಿ ಕುಯ್ಯಬೇಕು. ಇವನ ಬುಟ್ಟಿಯಲ್ಲಿ ಯಾವಾಗಲೂ ಅರ್ಧ ಹಸಿರು ಕಾಯಿ. ಅಜ್ಜ ಆಳುಗಳ ಮುಂದೆಯೇ ಬೈಯುತ್ತಿದ್ದರಂತೆ, "ಓದೋರಿಗೆ ತೋಟದ ಕೆಲಸ ಎಲ್ಲಿ ಬರುತ್ತೆ" ಅಂತ. ಹೇಳಿ ನಕ್ಕ. ನಾನೂ ನಕ್ಕೆ. ಆಮೇಲೆ, "ರಾತ್ರಿ ಫೋನಿನಲ್ಲಿ ಏನು ನೋಡ್ತೀಯಪ್ಪ?" ಅಂತ ಕೇಳಿದೆ.

ಫೋನ್ ತೆಗೆದು ತೋರಿಸಿದ. ಬಣ್ಣಬಣ್ಣದ ಚುಕ್ಕಿಗಳ ವೃತ್ತಗಳು, ಅದರೊಳಗೆ ಅಂಕಿ. ಕಣ್ಣಿನ ಡಾಕ್ಟರ ಹತ್ತಿರ ನೀವೂ ನೋಡಿರುತ್ತೀರಿ, ಬಣ್ಣಗುರುಡು ಇದೆಯಾ ಅಂತ ಪತ್ತೆ ಹಚ್ಚುವ ಇಶಿಹಾರಾ ಪ್ಲೇಟು ಅಂತಾರೆ. ಅವನು ಅಷ್ಟನ್ನೂ ಬಾಯಿಪಾಠ ಮಾಡಿದ್ದ. ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ: ಮೊದಲನೆಯದು 12, ಎರಡನೆಯದು 8, ಮೂರನೆಯದು 6, ನಾಲ್ಕನೆಯದು 29. ಅಂಚಿನ ಚುಕ್ಕಿಗಳನ್ನು ನೋಡಿ ಯಾವ ಪ್ಲೇಟು ಅಂತ ಗುರುತು ಹಿಡಿಯುವುದನ್ನೂ ಅಭ್ಯಾಸ ಮಾಡಿದ್ದ.

"ಎರಡನೆಯದು 8 ಅಂತ ಗೊತ್ತು ಮೇಡಂ. ಆದ್ರೆ ನನಗೆ ಕಾಣೋದು 3."

ಎಂಟನೇ ಕ್ಲಾಸಿನಿಂದ ಅವನಿಗೆ ಗೊತ್ತಿತ್ತು. ಸೈನ್ಸ್ ಮೇಷ್ಟ್ರು ಪುಸ್ತಕದಲ್ಲಿದ್ದ ಒಂದು ಚಿತ್ರ ತೋರಿಸಿದಾಗ ಕ್ಲಾಸಿಗೆಲ್ಲ ಕಂಡದ್ದು ಇವನಿಗೆ ಕಾಣಲಿಲ್ಲ, ಎಲ್ಲರ ಜೊತೆ ಇವನೂ ಜೋರಾಗಿ "8" ಅಂದುಬಿಟ್ಟ. ಆಗ ಶುರುವಾದದ್ದು. ಮನೆಯಲ್ಲಿ ಹೇಳಿಲ್ಲ. ಮೊದಮೊದಲು ಅದೇನು ದೊಡ್ಡ ವಿಷಯ ಅನ್ನಿಸಲಿಲ್ಲ, ಪೈಲಟ್ ಆಸೆ ಗಟ್ಟಿಯಾದ ಮೇಲೆ ಹೇಳಲು ಬಾಯಿ ಬರಲಿಲ್ಲ, ಅಪ್ಪ ಅಡ್ವಾನ್ಸ್ ಕೊಟ್ಟು ಬಂದ ಮೇಲಂತೂ ಮುಗಿದೇ ಹೋಯಿತು.

ಆಮೇಲೆ ಅವನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರದ ಮೇಲೇ ಇಷ್ಟೆಲ್ಲ ತಕರಾರು. "ಬಾಯಿಪಾಠ ಮಾಡ್ಕೊಂಡು ಹೋದ್ರೆ ಪಾಸಾಗ್ಬಹುದಲ್ವಾ ಮೇಡಂ?"

ಆಗಬಹುದು, ಆಗದೆಯೂ ಇರಬಹುದು, ನನಗೆ ಅದು ಮುಖ್ಯ ಅಲ್ಲ ಎಂದೆ. ನೀನು ನೋಡಿರದ ಪ್ಲೇಟು ತೋರಿಸಿದರೆ ಮುಗಿಯಿತು, ಅದಿರಲಿ. ಪಾಸಾದೆ ಅಂತಲೇ ಇಟ್ಟುಕೋ. ಈ ಮೆಡಿಕಲ್ ಒಂದು ಸಲದ್ದಲ್ಲ, ಕೆಲಸದಲ್ಲಿ ಇರುವವರೆಗೂ ಮತ್ತೆ ಮತ್ತೆ ಬರುತ್ತದೆ. 65ರವರೆಗೂ ಪ್ರತಿ ಸಲ ಇದೇ ನಿದ್ದೆಗೆಟ್ಟ ರಾತ್ರಿ. ಸಿಕ್ಕಿಬಿದ್ದ ದಿನ ಲೈಸೆನ್ಸೂ ಇಲ್ಲ, ಸಾಲ ಮಾತ್ರ ಇರುತ್ತದೆ.

ಇನ್ನೊಂದನ್ನೂ ಹೇಳಿದೆ. ರನ್‌ವೇ ಪಕ್ಕದಲ್ಲಿ ಪಾಪಿ ಅಂತ ನಾಲ್ಕು ದೀಪ ಇರುತ್ತವೆ, ಹೆಸರು ಹಾಗಿದೆ ಅಷ್ಟೇ. ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿಯಾದ ಎತ್ತರದಲ್ಲಿ ಇಳಿಯುತ್ತಿದ್ದೀಯ, ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀಯ ಅಂತ ಅರ್ಥ. 2002ರ ಜುಲೈನಲ್ಲಿ ಅಮೆರಿಕದ ಟಾಲಹಾಸಿಯಲ್ಲಿ ಒಂದು ಸರಕು ವಿಮಾನ, ಬೋಯಿಂಗ್ 727, ಕತ್ತಲಲ್ಲಿ ರನ್‌ವೇಗೆ ಮೊದಲೇ ಮರಗಳಿಗೆ ಬಡಿದು ಬಿತ್ತು. ಒಳಗಿದ್ದ ಮೂವರೂ ಗಾಯಗೊಂಡು ಬದುಕಿದರು. ತನಿಖೆ ಮಾಡಿದವರು ಸುಸ್ತು, ಕ್ರಮ ತಪ್ಪಿದ್ದು ಇತ್ಯಾದಿ ಕಾರಣಗಳ ಜೊತೆಗೆ ವಿಮಾನ ಓಡಿಸುತ್ತಿದ್ದ ಫಸ್ಟ್ ಆಫೀಸರ್‌ಗೆ, ಅಂದರೆ ಸಹ ಪೈಲಟ್‌ಗೆ, ಇದ್ದ ಬಣ್ಣಗುರುಡನ್ನೂ ಬರೆದರು. ಅವನಿಗೂ ಮೆಡಿಕಲ್ ಸರ್ಟಿಫಿಕೇಟ್ ಇತ್ತು.

ಚೇತನ್ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, "ಅಪ್ಪನಿಗೆ ನೀವೇ ಹೇಳ್ತೀರಾ?"

ಇಲ್ಲ ಎಂದೆ. ಅವನು ನನ್ನನ್ನು ನಂಬಿ ಹೇಳಿದ್ದನ್ನು ಅವನ ಬೆನ್ನ ಹಿಂದೆ ಹೇಳುವುದು ನನ್ನ ಕೆಲಸದಲ್ಲಿ ಸಲ್ಲದು. ನೀನೇ ಹೇಳು, ಬೇಕಿದ್ದರೆ ಇಲ್ಲೇ ಹೇಳು, ನಾನು ಪಕ್ಕದಲ್ಲಿರುತ್ತೇನೆ. ಜೊತೆಗೆ ಒಂದು ಸಲಹೆ ಕೊಟ್ಟೆ: ಮುಂದಿನ ಕಂತು ಕಟ್ಟುವ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಹೋಗು, ಬಾಯಿಪಾಠ ಮನೆಯಲ್ಲಿಟ್ಟು ಹೋಗು. ಪ್ಲೇಟಿನಲ್ಲಿ ತಪ್ಪಿದ ಎಲ್ಲರಿಗೂ ಬಾಗಿಲು ಮುಚ್ಚಿಲ್ಲ. ವಿಮಾನಯಾನದಲ್ಲಿ ಬಳಸುವ ಬಣ್ಣಗಳನ್ನು ತಡವರಿಸದೆ ಗುರುತಿಸಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮದ ಮೂಲ, ಪ್ಲೇಟಿನಲ್ಲಿ ತಪ್ಪಿದವರಿಗೆ ದೀಪದ ಪರೀಕ್ಷೆಯಂಥ ಬೇರೆ ಪರೀಕ್ಷೆಗಳಿವೆ. ಕಡಿಮೆ ತೊಂದರೆ ಇದ್ದವರು ಅಲ್ಲಿ ದಾಟುವುದುಂಟು. ದಾಟಿದರೆ ಧೈರ್ಯವಾಗಿ ಹೋಗು.

ಅವನು ಹೇಳಿದ, ನನ್ನ ಕೋಣೆಯಲ್ಲೇ. ತಾಯಿ ಅತ್ತರು. ತಂದೆ ನನ್ನ ಮೇಲೆ ಸಿಟ್ಟಾದರು. "ನೀವು ಕೇಳದೇ ಇದ್ದಿದ್ರೆ ಹೋಗಿ ಪಾಸ್ ಮಾಡ್ಕೊಂಡು ಬರ್ತಿದ್ದ" ಅಂದರು. ಆ ಮಾತನ್ನು ನಾನು ತಪ್ಪು ತಿಳಿಯಲಿಲ್ಲ. ಡಾಕ್ಟರ ಹತ್ತಿರ ಹೋದರು, ಪ್ಲೇಟಿನಲ್ಲೂ ತಪ್ಪಿದ, ದೀಪದ ಪರೀಕ್ಷೆಯಲ್ಲೂ ತಪ್ಪಿದ. ಹುಟ್ಟಿನಿಂದ ಬಂದದ್ದು, ಔಷಧಿ ಇಲ್ಲ, ಬಣ್ಣದ ಲೆನ್ಸ್ ಹಾಕಿಕೊಂಡು ಪರೀಕ್ಷೆಗೆ ಹೋಗುವ ಹಾಗೂ ಇಲ್ಲ. 2 ಲಕ್ಷದಲ್ಲಿ ಏಜೆಂಟ್ ಅರ್ಧ ವಾಪಸ್ ಕೊಟ್ಟ, ಅದೂ ಓಡಾಡಿಸಿ.

ಈ ಕಥೆ ಕೇಳಿದ ನನ್ನ ಜೊತೆಯ ಸಲಹೆಗಾರರೊಬ್ಬರು, ನಿಮ್ಮ ಕೆಲಸ ಅವನ ಮನಸ್ಸು ನೋಡುವುದು, ಪೈಲಟ್ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಕೆಲಸ ನೀವು ಯಾಕೆ ಮಾಡಿದಿರಿ ಅಂದರು. ನನ್ನ ಉತ್ತರ ಇಷ್ಟೇ. ಅವನ ಮನಸ್ಸು ಕೆಟ್ಟಿದ್ದೇ ಆ ಗುಟ್ಟಿನಿಂದ. ಅದನ್ನು ಹಾಗೇ ಬಿಟ್ಟು "ಉಸಿರಾಟ ಮಾಡು, ಪಾಸಿಟಿವ್ ಆಗಿ ಯೋಚನೆ ಮಾಡು" ಅನ್ನುವುದು ನನಗೆ ಬರುವುದಿಲ್ಲ. ಆಸೆಯ ಬೆನ್ನು ಹತ್ತಿ ಹೋಗು ಅಂತ ಹೇಳುವುದು ಸುಲಭ, ಕಂತು ಕಟ್ಟುವವರು ಬೇರೆ ಯಾರೋ ಆದರೆ ಇನ್ನೂ ಸುಲಭ.

ಹಾಗಾಗಿ ಈಗ ಬರುವ ಎಲ್ಲ ಮನೆಯವರಿಗೂ ನಾನು ಹೇಳುವುದು, ಕಡಿಮೆ ದುಡ್ಡಿನಲ್ಲಿ "ಆಗಲ್ಲ" ಅನ್ನಿಸಿಕೊಳ್ಳಬಹುದಾದ ಕಡೆಗೆ ಮೊದಲು ಹೋಗಿ. ಕ್ಲಾಸ್ 2 ಮಾಡಿಸಿ, ತಕ್ಷಣ ಕ್ಲಾಸ್ 1ಕ್ಕೆ ಹಾಕಿ. ಕರ್ನಾಟಕದವರಿಗೆ ದೂರವೂ ಅಲ್ಲ, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಇದೆ. ಅದು ಆದ ಮೇಲೆ ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್, ಟೆಕ್ನಿಕಲ್ ಪೇಪರುಗಳನ್ನು ಬರೆಯಲಿ. ಪಾಸಿಗೆ 70 ಬೇಕು. ನ್ಯಾವಿಗೇಷನ್ ಪೇಪರಿಗೆ ಕೂತು ಓದಲು ಬೇಜಾರಾಗುವ ಹುಡುಗನಿಗೆ ಬೇಕಿರುವುದು ಯೂನಿಫಾರ್ಮು ಇರಬಹುದು, ಆ ಕೆಲಸ ಅಲ್ಲ. ಅದು ಗೊತ್ತಾದರೂ ಲಾಭವೇ. ಇಷ್ಟೆಲ್ಲ ಆದ ಮೇಲೆ ಶಾಲೆ ಹುಡುಕಿ. ಜಕ್ಕೂರಿನ ಸರ್ಕಾರಿ ಶಾಲೆಯಿರಲಿ, ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಸರ್ಕಾರಿ ಅಕಾಡೆಮಿ ಇರಲಿ, ಖಾಸಗಿಯದಿರಲಿ, ಹೋಗಿ ನಿಂತು ನೋಡಿ: ಇವತ್ತು ಎಷ್ಟು ವಿಮಾನ ಹಾರುತ್ತಿವೆ, ಎಷ್ಟು ಶೆಡ್ಡಿನಲ್ಲಿವೆ, ಹಳೇ ಬ್ಯಾಚಿನ ಹುಡುಗರು ತಿಂಗಳಿಗೆ ಎಷ್ಟು ಗಂಟೆ ಹಾರಿದರು. ಎಲ್ಲಾ ದುಡ್ಡು ಒಟ್ಟಿಗೆ ಕಟ್ಟಬೇಡಿ. ಹಾರಿದ ಗಂಟೆಗೆ ತಕ್ಕ ಹಾಗೆ ಕಂತು ಕಟ್ಟುತ್ತೇವೆ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.

ಸಾಲದ ವಿಷಯ. 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಬ್ಯಾಂಕು ಆಸ್ತಿ ಅಡಮಾನ ಕೇಳುತ್ತದೆ. 45 ಲಕ್ಷಕ್ಕೆ 11% ಬಡ್ಡಿ ಅಂದುಕೊಂಡರೆ 10 ವರ್ಷಕ್ಕೆ ತಿಂಗಳಿಗೆ ಸುಮಾರು 62 ಸಾವಿರ. ಕಂತು ಶುರುವಾಗುವುದು ಕೋರ್ಸ್ ಮುಗಿದ ಮೇಲೆ, ಆದರೆ ಬಡ್ಡಿ ಕೂತಿರುವುದಿಲ್ಲ. ಮಗನಿಗೆ ಎರಡು ವರ್ಷ ಕೆಲಸ ಸಿಗದಿದ್ದರೆ ಈ 62 ಸಾವಿರ ಯಾರು ಕಟ್ಟುತ್ತಾರೆ? ಈ ಪ್ರಶ್ನೆಗೆ ಮನೆಯಲ್ಲಿ ಎಲ್ಲರೂ ಕೂತು ಉತ್ತರ ಬರೆದಿಡಿ, ತಾಯಿ ಮತ್ತು ಹೆಣ್ಣುಮಕ್ಕಳನ್ನೂ ಸೇರಿಸಿ, ಯಾಕಂದ್ರೆ ಅಡಮಾನ ಇಡುವ ಮನೆಯಲ್ಲಿ ಅವರೂ ಇದ್ದಾರೆ.

ಚೇತನ್ ಈಗ ಡಿಗ್ರಿಗೆ ಸೇರಿದ್ದಾನೆ. ವಿಮಾನದ ಹುಚ್ಚು ಬಿಟ್ಟಿಲ್ಲ. ಏರ್ ಟ್ರಾಫಿಕ್ ಕಂಟ್ರೋಲರ್ ಆಗು ಅಂತ ಯಾರೋ ಹೇಳಿದರಂತೆ, ಅದಕ್ಕೂ ಬಣ್ಣದ ಪರೀಕ್ಷೆ ಇದೆ ಅಂತ ನಾನೇ ಹೇಳಬೇಕಾಯಿತು. ಫ್ಲೈಟ್ ಡಿಸ್ಪ್ಯಾಚ್, ಅಂದರೆ ವಿಮಾನದ ದಾರಿ, ಇಂಧನ ಎಲ್ಲ ನೆಲದಲ್ಲಿ ಕೂತು ಯೋಜಿಸುವ ಕೆಲಸದ ಬಗ್ಗೆ ಓದುತ್ತಿದ್ದಾನೆ, ನಿದ್ದೆ ಬರುತ್ತಿದೆಯಂತೆ.

ಹೋದ ತಿಂಗಳು ತಂದೆ ಫೋನ್ ಮಾಡಿದರು. ಸಿಟ್ಟು ಇಳಿದಿತ್ತು. "ಮೇಡಂ, ಹೆಣ್ಣುಮಕ್ಕಳಿಗೆ ಈ ಬಣ್ಣದ ತೊಂದರೆ ಕಮ್ಮಿ ಅಂತಲ್ಲ, ಡಾಕ್ಟ್ರು ಹೇಳಿದ್ರು. ಮಗಳು ಸೆಕೆಂಡ್ ಪಿಯು ಮುಗಿಸ್ತಾಳೆ. ಅವಳಿಗೆ ಮೊದ್ಲೇ ಕ್ಲಾಸ್ 1 ಮಾಡಿಸ್ಬಿಡ್ಲಾ?"

ಅವಳಿಗೆ ಪೈಲಟ್ ಆಗಬೇಕು ಅಂತ ಇದೆಯಾ ಎಂದು ಕೇಳಿದೆ.

"ಕೇಳ್ಬೇಕು" ಅಂದರು.

ಕೇಳಿ, ಅವಳೇ ಬಂದು ಮಾತಾಡಲಿ ಎಂದೆ. ಇನ್ನೂ ಬಂದಿಲ್ಲ.