ಶೂ ಎಲ್ಲಿ ಮಡಿಯುತ್ತದೆ ನೋಡಿ

ಮಳೆ ಮುಗಿದು ಮದುವೆ, ಸಂದರ್ಶನಗಳ ಕಾಲ ಶುರುವಾದರೆ ಕರಾವಳಿಯಲ್ಲಿ ಶೂ ಅಂಗಡಿಗೆ ಜನ ಹೆಚ್ಚು. ವರ್ಷವಿಡೀ ಚಪ್ಪಲಿಯಲ್ಲಿ ಹರಡಿಕೊಂಡು ಬೆಳೆದ ಪಾದವನ್ನು ಚರ್ಮದ ಶೂಗೆ ತೂರಿಸುವಾಗ ಹುಟ್ಟುವ ಪ್ರಶ್ನೆಗಳೇ ಈ ಸಲ ಹೆಚ್ಚು ಬಂದಿವೆ.

ಪ್ರಶ್ನೆ: ನನ್ನ ಸ್ಪೋರ್ಟ್ಸ್ ಶೂ ಸೈಜ್ 9. ಅದೇ ನಂಬರಿನ ಚರ್ಮದ ಬೂಟು ಆನ್‌ಲೈನ್‌ನಲ್ಲಿ ತರಿಸಿದೆ. ಲೇಸ್ ಪೂರ್ತಿ ಎಳೆದು ಕಟ್ಟಿದರೂ ನಡೆಯುವಾಗ ಹಿಮ್ಮಡಿ ಮೇಲೆದ್ದು ಬರುತ್ತದೆ. ವಾಪಸ್ ಕಳಿಸಲು ಇನ್ನು ಐದು ದಿನ ಉಂಟು. ಒಳಗೆ ಸೋಲ್ ಹಾಕಿ ಸರಿ ಮಾಡಬಹುದೇ, ಕಳಿಸಿಬಿಡುವುದೇ? (ಸುರತ್ಕಲ್)

ಉತ್ತರ: ಮೊದಲು ಸ್ಪೋರ್ಟ್ಸ್ ಶೂವಿನ ನಾಲಗೆಯ ಒಳಬದಿಯ ಚೀಟಿ ಓದಿ. ಅಲ್ಲಿ ಯುಎಸ್, ಯುಕೆ, ಇಯು ಎಂದು ಬೇರೆ ಬೇರೆ ಸಂಖ್ಯೆಗಳಿರುತ್ತವೆ. ಗಂಡಸರ ಶೂಗಳಲ್ಲಿ ಯುಎಸ್ ಸಂಖ್ಯೆ ಸಾಮಾನ್ಯವಾಗಿ ಯುಕೆಗಿಂತ ಒಂದು ಹೆಚ್ಚು. ನಿಮ್ಮ 9 ಯುಎಸ್ ಆಗಿದ್ದು, ಬೂಟಿನ 9 ಯುಕೆ ಆಗಿದ್ದರೆ ನೀವು ತರಿಸಿದ್ದೇ ಒಂದು ಸೈಜ್ ದೊಡ್ಡದು. ನಮ್ಮ ಅಂಗಡಿಗಳಲ್ಲಿ ನಡೆಯುವುದು ಯುಕೆ ಲೆಕ್ಕ. ಅದರಲ್ಲಿ ಒಂದು ಸೈಜ್ ಎಂದರೆ ಇಂಚಿನ ಮೂರನೇ ಒಂದು ಪಾಲು, ಅಂದರೆ ಸುಮಾರು 8.5 ಮಿ.ಮೀ. 42, 43 ಎಂಬ ಯುರೋಪಿನ ಸಂಖ್ಯೆಯಲ್ಲಿ ಒಂದೊಂದು ಹೆಜ್ಜೆ ಸುಮಾರು 6.7 ಮಿ.ಮೀ. ಎರಡರ ಹೆಜ್ಜೆ ಬೇರೆಯಾದ್ದರಿಂದ ಒಂದು ಕಂಪನಿಯ ಪಟ್ಟಿ ಇನ್ನೊಂದರದ್ದಕ್ಕೆ ಹೊಂದುವುದಿಲ್ಲ. ಇನ್ನೊಂದು ವಿಷಯ: ಈ ಸಂಖ್ಯೆ ಹೇಳುವುದು ಶೂ ಹೊಲಿಯುವ ಅಚ್ಚಿನ ಉದ್ದವನ್ನು. ಯುಕೆ 8 ಎಂದರೆ 279 ಮಿ.ಮೀ. ಅಚ್ಚು. ಅದರೊಳಗೆ ಕೂರುವ ಪಾದ 15ರಿಂದ 20 ಮಿ.ಮೀ.ನಷ್ಟು ಗಿಡ್ಡ ಇರಬೇಕು. ಮೂತಿ ಚೂಪಾದ ಶೂವಾದರೆ ಈ ವ್ಯತ್ಯಾಸ ಇನ್ನೂ ಹೆಚ್ಚು.

ಎರಡೂ ಯುಕೆ 9 ಆಗಿದ್ದರೂ ಆಶ್ಚರ್ಯವಿಲ್ಲ. ಸ್ಪೋರ್ಟ್ಸ್ ಶೂವಿನ ಒಳಗೆ ಸುತ್ತ ಸ್ಪಂಜು ಇರುವುದರಿಂದ ಜನ ಅದನ್ನು ಒಂದಿಷ್ಟು ದೊಡ್ಡದೇ ಕೊಳ್ಳುತ್ತಾರೆ. ದಪ್ಪ ಅಟ್ಟೆ ಹೊಲಿದ ಚರ್ಮದ ಬೂಟು ಬಹಳಷ್ಟು ಮಂದಿಗೆ ಅದಕ್ಕಿಂತ ಅರ್ಧದಿಂದ ಒಂದು ಸೈಜ್ ಚಿಕ್ಕದೇ ಸರಿಹೊಂದುತ್ತದೆ.

ಕಳಿಸುವ ಮೊದಲು ಮನೆಯಲ್ಲೇ ಹೀಗೆ ಪರೀಕ್ಷಿಸಿ. ಹೊತ್ತು ಸಂಜೆ ಐದರ ಮೇಲಿರಲಿ. ದಿನವಿಡೀ ನಿಂತು ನಡೆದ ಪಾದ ಬೆಳಗ್ಗಿನದ್ದಕ್ಕಿಂತ ಊದಿರುತ್ತದೆ, ನಮ್ಮ ಸೆಕೆಯಲ್ಲಿ ಇನ್ನೂ ಹೆಚ್ಚು. ಬೂಟಿನ ಜೊತೆ ನಿತ್ಯ ಹಾಕುವ ಸಾಕ್ಸನ್ನೇ ಹಾಕಿ. ನೆಲಕ್ಕೆ ಚಾಪೆ ಹಾಸಿಕೊಳ್ಳಿ. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲದ ಬಣ್ಣ ಅಟ್ಟೆಗೆ ಹತ್ತಿದರೆ ವಾಪಸ್ ತೆಗೆದುಕೊಳ್ಳುವವರು ತಕರಾರು ಮಾಡಿಯಾರು.

ಲೇಸ್ ಪೂರ್ತಿ ಸಡಿಲಿಸಿ ಪಾದ ಇಳಿಸಿ. ಬೆರಳುಗಳು ಮುಂದಕ್ಕೆ ತಾಗುವವರೆಗೆ ಪಾದವನ್ನು ದೂಡಿ. ಆಗ ಹಿಮ್ಮಡಿಯ ಹಿಂದೆ ಒಂದು ತೋರುಬೆರಳು ಇಳಿಯಬೇಕು. ಎರಡು ಬೆರಳು ಸಲೀಸಾಗಿ ಇಳಿದರೆ ಬೂಟು ಉದ್ದ, ಒಂದೂ ಇಳಿಯದಿದ್ದರೆ ಗಿಡ್ಡ. ಇನ್ನು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲು ಲೇಸ್ ಎಳೆದು ಕಟ್ಟಿ ಎದ್ದು ನಿಲ್ಲಿ. ಕುಳಿತು ನೋಡಿದ ಅಳತೆ ಅಳತೆಯಲ್ಲ. ಮೈಭಾರ ಬಿದ್ದಾಗ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ.

ಇಲ್ಲಿ ಹೆಚ್ಚಿನವರು ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಅಂಗಡಿಯವರೂ ಅದನ್ನೇ ಮಾಡುತ್ತಾರೆ. ಬೂಟಿನ ಮೂತಿಯೊಳಗೆ ಗಟ್ಟಿ ಪದರ ಇರುವುದರಿಂದ ಅದರಿಂದ ತಿಳಿಯುವುದು ಕಡಿಮೆ. ಅದೂ ಅಲ್ಲದೆ ಒತ್ತಿದ ಕೂಡಲೇ ನಾವು ಗೊತ್ತಿಲ್ಲದೆ ಬೆರಳು ಮಡಚುತ್ತೇವೆ. ನೋಡಬೇಕಾದ ಜಾಗ ಬೇರೆ. ಪಾದದ ಒಳಬದಿಯಲ್ಲಿ, ಹೆಬ್ಬೆರಳಿನ ಬುಡದಲ್ಲಿ ಉಬ್ಬಿದ ಗೆಣ್ಣು ಇದೆಯಲ್ಲ, ಪಾದ ಮಡಿಯುವುದು ಅಲ್ಲಿ. ಬೂಟೂ ಅಲ್ಲೇ ಮಡಿಯಬೇಕು. ಅಟ್ಟೆಯ ಒಳ ಅಂಚು ನಡುವಿನಿಂದ ಮುಂದಕ್ಕೆ ಹೋಗುತ್ತಾ ಹೊರಕ್ಕೆ ಉಬ್ಬುತ್ತದೆ. ಗೆಣ್ಣು ಆ ಉಬ್ಬಿನ ಅತಿ ಅಗಲದ ಜಾಗಕ್ಕೆ ಸರಿಯಾಗಿ ಕೂತಿದೆಯೇ ಎಂದು ಚರ್ಮದ ಮೇಲಿಂದ ಕೈಯಾಡಿಸಿ ನೋಡಿ. ಆಮೇಲೆ ತುದಿಗಾಲಲ್ಲಿ ನಿಲ್ಲಿ. ಚರ್ಮದಲ್ಲಿ ಏಳುವ ಸುಕ್ಕು ಗೆಣ್ಣಿನ ನೇರಕ್ಕೇ ಇದ್ದರೆ ಸರಿ. ಸುಕ್ಕು ಅದಕ್ಕಿಂತ ಮುಂದೆ ಬಿದ್ದು ಬೆರಳುಗಳ ಮೇಲೆ ಒತ್ತಿದರೆ ಬೂಟು ನಿಮ್ಮ ಪಾದಕ್ಕೆ ಉದ್ದ. ಗೆಣ್ಣೇ ಉಬ್ಬಿನ ಜಾಗವನ್ನು ದಾಟಿ ಮುಂದೆ ಹೋಗಿದ್ದರೆ, ಬೆರಳ ತುದಿಗೆ ಎಷ್ಟೇ ಜಾಗ ಇರಲಿ, ಬೂಟು ಗಿಡ್ಡ. ಬೆರಳು ಗಿಡ್ಡ ಇದ್ದು ಪಾದ ಉದ್ದ ಇರುವವರು ಮೋಸಹೋಗುವುದು ಇಲ್ಲೇ. ಅಮೆರಿಕದಲ್ಲಿ 1920ರ ದಶಕದಲ್ಲಿ ಬಂದ ಬ್ರಾನಕ್ ಅಳತೆ ಪಟ್ಟಿಯಲ್ಲಿ ಹಿಮ್ಮಡಿಯಿಂದ ಗೆಣ್ಣಿಗೆ ಅಳೆಯಲು ಪ್ರತ್ಯೇಕ ಜಾರುಗುಂಡಿ ಇರುವುದು ಇದಕ್ಕಾಗಿಯೇ.

ಈಗ ನಿಮ್ಮ ಹಿಮ್ಮಡಿಯ ವಿಷಯ. ಹೊಸ ಬೂಟಿನಲ್ಲಿ 5-6 ಮಿ.ಮೀ. ಏಳುವುದು ದೋಷವಲ್ಲ. ಅಟ್ಟೆ ಇನ್ನೂ ಹಲಗೆಯಂತೆ ಬಿಗಿ. ಪಾದ ಮಡಿದರೂ ಅದು ಮಡಿಯದೆ ಹಿಂಭಾಗ ಕೆಳಗೇ ಉಳಿಯುತ್ತದೆ. ಕೆಲವು ವಾರ ಹಾಕಿದ ಮೇಲೆ ಅಟ್ಟೆ ಬಾಗಲು ಕಲಿತು ಜಾರುವುದು ಕಡಿಮೆಯಾಗುತ್ತದೆ. 12 ಮಿ.ಮೀ. ದಾಟಿದರೆ ಮಾತ್ರ ಅದು ತಾನಾಗಿ ಸರಿಯಾಗುವ ಸಡಿಲವಲ್ಲ. ಮೆಟ್ಟಿಲು ಹತ್ತುವಾಗ ಮನೆಯವರೊಬ್ಬರು ಹಿಂದಿನಿಂದ ನೋಡಿದರೆ ಅಂದಾಜು ಸಿಗುತ್ತದೆ.

ನಿಮ್ಮ ಪತ್ರದಲ್ಲಿ ಹೆಚ್ಚು ಗಮನಿಸಬೇಕಾದ ಮಾತು "ಲೇಸ್ ಪೂರ್ತಿ ಎಳೆದರೂ" ಎಂಬುದು. ಲೇಸಿನ ತೂತುಗಳಿರುವ ಎರಡು ಪಟ್ಟಿಗಳ ನಡುವೆ ಹೊಸ ಬೂಟಿನಲ್ಲಿ ಒಂದರಿಂದ ಎರಡು ಸೆಂ.ಮೀ. ಅಂತರ, ಮೇಲಿಂದ ಕೆಳಗಿನವರೆಗೆ ಹೆಚ್ಚುಕಮ್ಮಿ ಸಮನಾಗಿ ಇರಬೇಕು. ಇಂಥ ಬೂಟುಗಳ ಒಳ ಅಟ್ಟೆಯ ಅಡಿಯಲ್ಲಿ ಕಾರ್ಕ್ ತುಂಬಿರುತ್ತಾರೆ. ಅದು ದಿನಕಳೆದಂತೆ ಪಾದದ ಆಕಾರಕ್ಕೆ 2-3 ಮಿ.ಮೀ. ತಗ್ಗುತ್ತದೆ, ಚರ್ಮವೂ ಅಡ್ಡಕ್ಕೆ ಸ್ವಲ್ಪ ಬಿಡುತ್ತದೆ. ಆಗ ಹುಟ್ಟುವ ಸಡಿಲವನ್ನು ಎಳೆದು ಕಟ್ಟಲು ಆ ಅಂತರ ಬೇಕು. ಮೊದಲ ದಿನವೇ ಪಟ್ಟಿಗಳು ಒಂದಕ್ಕೊಂದು ತಾಗಿದರೆ ಮುಂದೆ ಎಳೆಯಲು ಏನೂ ಉಳಿದಿಲ್ಲ.

ಒಳಸೋಲ್ ಹಾಕಿದರೆ ಅರ್ಧ ಸೈಜಿನ ಸಡಿಲ ಮುಚ್ಚಬಹುದು, 2-3 ಮಿ.ಮೀ. ದಪ್ಪದ್ದು ಸಾಕು. ಆದರೆ ಅದು ಪಾದವನ್ನು ಮೇಲಕ್ಕೆತ್ತುತ್ತದೆಯೇ ಹೊರತು ಮಡಿಯುವ ಜಾಗವನ್ನು ಹಿಂದಕ್ಕೆ ತರುವುದಿಲ್ಲ. ಆದ್ದರಿಂದ ಲೆಕ್ಕ ಸುಲಭ: ಸುಕ್ಕು ಗೆಣ್ಣಿನ ನೇರಕ್ಕಿದ್ದರೆ ಇಟ್ಟುಕೊಂಡು ಸೋಲ್ ಹಾಕಿ, ಸುಕ್ಕು ಮುಂದೆ ಬಿದ್ದಿದ್ದರೆ ವಾಪಸ್ ಕಳಿಸಿ, ಒಂದು ಸೈಜ್ ಚಿಕ್ಕದು ತರಿಸಿ.

ಪ್ರಶ್ನೆ: ಸಂದರ್ಶನಕ್ಕೆಂದು ಕಪ್ಪು ಆಕ್ಸ್‌ಫರ್ಡ್ ಶೂ ತೆಗೆದುಕೊಂಡೆ. ಕಿರುಬೆರಳಿಗೆ ಕಚ್ಚುತ್ತದೆ. "ಹಾಕ್ತಾ ಹಾಕ್ತಾ ಬಿಡ್ತದೆ" ಎಂದರು ಅಂಗಡಿಯವರು. ಹೌದೇ? (ಮಣಿಪಾಲ)

ಉತ್ತರ: ಅರ್ಧ ಸತ್ಯ. ಚರ್ಮ ಅಡ್ಡಕ್ಕೆ ಬಿಡುತ್ತದೆ, ಉದ್ದಕ್ಕೆ ಬಿಡುವುದೇ ಇಲ್ಲ. ಹಾಗಾಗಿ ಕಚ್ಚುವುದು ಎಲ್ಲಿ ಎಂಬುದು ಮುಖ್ಯ. ಬೆರಳ ತುದಿ ಮುಂದಿನ ಗೋಡೆಗೆ ಬಡಿಯುತ್ತಿದ್ದರೆ ಕಾಯುವುದು ವ್ಯರ್ಥ. ಕಿರುಬೆರಳಿನ ಬುಡದ ಗೆಣ್ಣು ಬದಿಗೆ ಒತ್ತುತ್ತಿದ್ದರೆ ಆಸೆ ಉಂಟು. ಕಿರುಬೆರಳಿನ ತುದಿಯೇ ಒಳಮುಖವಾಗಿ ಮಡಚಿ ಕೂತಿದ್ದರೆ ಅಚ್ಚಿನ ಆಕಾರವೇ ನಿಮ್ಮದಲ್ಲ. ಅಲ್ಲಿ ಮೂತಿಯ ಗಟ್ಟಿ ಪದರ ಇರುವುದರಿಂದ ಚರ್ಮ ಹಿಗ್ಗಲೂ ಒಪ್ಪುವುದಿಲ್ಲ. ಅದರಲ್ಲೇ ದಿನ ದೂಡಿದರೆ ನೀರ್ಗುಳ್ಳೆ, ಆಮೇಲೆ ಆಣಿ.

ಯಾವ ಚರ್ಮ ಎಂಬುದೂ ನೋಡಬೇಕು. ಮೇಲ್ಮೈಗೆ ಪ್ಲಾಸ್ಟಿಕ್ಕಿನಂಥ ಲೇಪ ಹಚ್ಚಿದ ಚರ್ಮ ಕಡಿಮೆ ಬಿಡುತ್ತದೆ, ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಚರ್ಮ ಹೆಚ್ಚುಕಮ್ಮಿ ಬಿಡುವುದಿಲ್ಲ. "ಪಿಯು ಲೆದರ್" ಎಂದು ಮಾರುವುದು ಬಟ್ಟೆಗೆ ಪ್ಲಾಸ್ಟಿಕ್ ಹಚ್ಚಿದ್ದು. ಹಿಗ್ಗಿಸಿದರೂ ಪುನಃ ಮೊದಲಿನಂತಾಗುತ್ತದೆ. ನಾಲಗೆಯ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ: ನಾರುನಾರಾಗಿ ಒರಟಾಗಿದ್ದರೆ ಚರ್ಮ, ಬಟ್ಟೆಯ ನೂಲು ಕಂಡರೆ ಅಲ್ಲ.

ನಿಜವಾದ ಚರ್ಮವಾದರೆ ಶೂ ರಿಪೇರಿಯವರಲ್ಲಿ ಕೊಟ್ಟು, ಗೆಣ್ಣು ಒತ್ತುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಒಂದು ಜಾಗವನ್ನೇ ಹಿಗ್ಗಿಸಲು ಹೇಳಿ. ಹದಮಾಡಿ ಅಚ್ಚು ಬಿಗಿದು ಒಂದೆರಡು ದಿನ ಇಟ್ಟರೆ ಒಂದಷ್ಟು ಮಿ.ಮೀ. ಸಿಗುತ್ತದೆ. ಇಡೀ ಶೂ ಹಿಗ್ಗಿಸಬೇಡಿ, ಹಿಮ್ಮಡಿ ಸಡಿಲವಾದೀತು.

ಮುಂದಿನ ಸಲಕ್ಕೆ ಒಂದು ಮಾತು. ಆಕ್ಸ್‌ಫರ್ಡಿನಲ್ಲಿ ಲೇಸಿನ ಪಟ್ಟಿಗಳು ಮುಂಭಾಗದ ಚರ್ಮದ ಅಡಿಗೆ ಹೊಲಿದಿರುತ್ತವೆ, ಪೂರ್ತಿ ತೆರೆಯುವುದಿಲ್ಲ. ಡರ್ಬಿಯಲ್ಲಿ ಪಟ್ಟಿಗಳು ಮೇಲಿಂದ ಹೊಲಿದು ಎರಡು ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತವೆ. ಅಗಲ ಪಾದಕ್ಕೂ ಪಾದದ ಮೇಲ್ಭಾಗ ಎತ್ತರ ಇರುವವರಿಗೂ ಡರ್ಬಿಯೇ ಹಿತ. ಸಂದರ್ಶನ ಮಾಡುವವರು ಈ ವ್ಯತ್ಯಾಸ ನೋಡಿ ಕೆಲಸ ತಪ್ಪಿಸುವುದಿಲ್ಲ. ಚೆನ್ನೈಯ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ದೇಶದುದ್ದಕ್ಕೂ ಪಾದಗಳನ್ನು ಅಳೆದು, ನಮ್ಮ ಪಾದ ಪಾಶ್ಚಾತ್ಯರದ್ದಕ್ಕಿಂತ ಅಗಲ ಎಂದು ಕಂಡು, "ಭಾ" ಎಂಬ ಭಾರತೀಯ ಅಳತೆ ಕ್ರಮವನ್ನೇ ಸೂಚಿಸಿದೆ. ಅಂದರೆ ಕಿರುಬೆರಳಿನ ದೂರು ನಿಮ್ಮೊಬ್ಬರದ್ದಲ್ಲ. ಅಗಲಕ್ಕೆಂದು ಒಂದು ಸೈಜ್ ಉದ್ದ ತೆಗೆದುಕೊಂಡರೆ ಮಾತ್ರ ಕಿರುಬೆರಳು ಉಳಿದು ಹಿಮ್ಮಡಿ ಹೋಗುತ್ತದೆ.

ಪ್ರಶ್ನೆ: ಕಂಪನಿಯಿಂದ ಸೇಫ್ಟಿ ಶೂ ಕೊಟ್ಟಿದ್ದಾರೆ. ನಿಂತಾಗ ಸರಿ, ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವಾಗ ಬೆರಳಿನ ಮೇಲೆ ಕಬ್ಬಿಣ ಒತ್ತುತ್ತದೆ. (ಬೈಕಂಪಾಡಿ)

ಉತ್ತರ: ಒತ್ತುವುದು ಬೆರಳು ಕಾಯಲೆಂದು ಮೂತಿಯೊಳಗೆ ಇಟ್ಟ ಉಕ್ಕಿನ ಟೋಪಿಯ ಹಿಂದಿನ ಅಂಚು. ಕುಕ್ಕರಿಸಿದಾಗ ಶೂ ಆ ಅಂಚಿನ ಹಿಂದೆಯೇ ಮಡಿಯುತ್ತದೆ. ಶೂ ಗಿಡ್ಡವಾದರೆ ಬೆರಳಿನ ಗೆಣ್ಣು ಅಂಚಿನ ಅಡಿಗೇ ಬರುತ್ತದೆ. ಟೋಪಿ ಹಿಗ್ಗುವುದಿಲ್ಲ, ಎಷ್ಟು ದಿನ ಹಾಕಿದರೂ ಮೊದಲ ದಿನದ ಒತ್ತಡವೇ ಇರುತ್ತದೆ. ಸೇಫ್ಟಿ ಶೂಗಳ ಭಾರತೀಯ ಮಾನಕ ಐಎಸ್ 15298ರ ಎರಡನೇ ಭಾಗದ ಪ್ರಕಾರ ಅದು 200 ಜೂಲ್ ಪೆಟ್ಟು ತಡೆಯಬೇಕು. ಬಡಿದು, ಕಾಯಿಸಿ ಬಗ್ಗಿಸಿದರೆ ಆ ಭರವಸೆ ಹೋಯಿತು. ಬದಲಿಸಿ ಕೊಡಿ ಎಂದು ಕೇಳುವುದೇ ದಾರಿ. ಸ್ಟೋರಿನಲ್ಲೇ ಹಾಕಿ ನೋಡುವಾಗ ಮೂರು ಕೆಲಸ ಮಾಡಿ: ಕುಕ್ಕರಿಸಿ, ತುದಿಗಾಲಲ್ಲಿ ನಿಲ್ಲಿ, ಏಣಿ ಇಳಿದು ನೋಡಿ. ಇಳಿಯುವಾಗ ಬೆರಳ ತುದಿ ಟೋಪಿಗೆ ಬಡಿಯಬಾರದು, ಮುಂದೆ 10-12 ಮಿ.ಮೀ. ಖಾಲಿ ಬೇಕು. ಅರ್ಧ ಸೈಜ್ ಇಲ್ಲದಿದ್ದರೆ ದೊಡ್ಡದನ್ನೇ ಪಡೆದು ಒಳಸೋಲ್ ಹಾಕಿಕೊಳ್ಳಿ, ಆದರೆ ಸೋಲ್ ಹಾಕಿದ ಮೇಲೆ ಇನ್ನೊಮ್ಮೆ ಕುಕ್ಕರಿಸಿ ನೋಡಿ. ಸೋಲ್ ಪಾದವನ್ನು ಟೋಪಿಯ ಹತ್ತಿರಕ್ಕೆ ಎತ್ತುತ್ತದೆ.

ಪ್ರಶ್ನೆ: ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಉಂಟು. ಹೊಸ ಚರ್ಮದ ಶೂ ಹಾಕಿ ನೋಡಿ "ಎಲ್ಲಿಯೂ ನೋವಿಲ್ಲ" ಅನ್ನುತ್ತಾರೆ. ಹಾಗಾದರೆ ಅಳತೆ ಸರಿ ಎಂದು ಭಾವಿಸಬಹುದೇ? (ಉಡುಪಿ)

ಉತ್ತರ: ಬೇಡ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರಬಹುದು. ಗಾಯವಾಗಿ ರಕ್ತ ಬಂದರೂ ನೋವಿಲ್ಲ ಎನ್ನುವವರಿದ್ದಾರೆ. ಇಲ್ಲಿ ಅವರ ಮಾತಿಗಿಂತ ನಿಮ್ಮ ಕಣ್ಣು ಕೈ ಮುಖ್ಯ.

ದಪ್ಪ ರಟ್ಟಿನ ಮೇಲೆ ಅವರನ್ನು ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಅಂಚು ಎಳೆಯಿರಿ. ಓರೆ ಹಿಡಿದರೆ ಗೆರೆ ಪಾದದ ಅಡಿಗೆ ಹೋಗಿ ಅಳತೆ ಕಿರಿದಾಗುತ್ತದೆ. ಎರಡೂ ಪಾದ ಒಂದೇ ಅಳತೆ ಇರುವುದು ಅಪರೂಪ. ದೊಡ್ಡದಕ್ಕೆ ಶೂ ಆರಿಸಿ. ಗೆರೆಯಗುಂಟ ಕತ್ತರಿಸಿದ ರಟ್ಟನ್ನು ಶೂವಿನ ಒಳಗೆ ಇಳಿಸಿ. ಅಂಚು ಎಲ್ಲಿಯಾದರೂ ಮೇಲಕ್ಕೆ ಮಡಚಿದರೆ ಅಲ್ಲಿ ಪಾದವೂ ಹಾಗೆಯೇ ಮಡಚುತ್ತದೆ, ಆ ಶೂ ಬೇಡ. ಆಮೇಲೆ ಕೈ ಹಾಕಿ ಒಳಗೆಲ್ಲ ತಡಕಿ: ಎದ್ದ ಹೊಲಿಗೆ, ಮೊಳೆಯ ತುದಿ, ಗಂಟು ಏನೂ ಸಿಗಬಾರದು.

ಮೊದಲ ದಿನ ಮನೆಯೊಳಗೆ ಅರ್ಧ ಗಂಟೆ ಸಾಕು. ಬಿಚ್ಚಿ ಸಾಕ್ಸ್ ತೆಗೆದು ನೋಡಿ. ಕೆಂಪು ಗುರುತು ಇಪ್ಪತ್ತು ನಿಮಿಷವಾದರೂ ಮಾಸದಿದ್ದರೆ ಆ ಶೂ ಅವರಿಗಲ್ಲ. ಸರಿ ಕಂಡರೆ ದಿನಕ್ಕೆ ಸ್ವಲ್ಪಸ್ವಲ್ಪ ಹೊತ್ತು ಹೆಚ್ಚಿಸಿ. ಲೇಸ್ ಅಥವಾ ವೆಲ್‌ಕ್ರೋ ಇರುವುದೇ ಇರಲಿ; ಕಟ್ಟಿಲ್ಲದ ಶೂ ಪಾದದಲ್ಲಿ ನಿಲ್ಲಬೇಕಾದರೆ ಬಿಗಿಯಾಗಿಯೇ ಇರಬೇಕಾಗುತ್ತದೆ. ಈಗಾಗಲೇ ಆಣಿ, ಗಾಯ, ಬೆರಳು ಸೊಟ್ಟಗಾಗಿದ್ದು ಇದ್ದರೆ ಅಂಗಡಿಗೆ ಮೊದಲು ವೈದ್ಯರಲ್ಲಿ ಹೋಗಿ. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯೋ ಅಳತೆಗೆ ಮಾಡಿಸಿದ ಶೂವೋ ಎಂದು ಅವರೇ ಹೇಳುತ್ತಾರೆ.

ಪ್ರಶ್ನೆ: ಮಳೆಯಲ್ಲಿ ಪೂರ್ತಿ ನೆನೆದ ಶೂವನ್ನು ಬಚ್ಚಲ ಒಲೆಯ ಹತ್ತಿರ ಒಣಗಿಸಿದೆವು. ಈಗ ಕಾಲೇ ಹೋಗುವುದಿಲ್ಲ. (ಕಾರ್ಕಳ)

ಉತ್ತರ: ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ನಾರುಗಳು ಮುದುಡಿ ಗಟ್ಟಿಯಾಗುತ್ತವೆ. ಒತ್ತಿದರೆ ಹಪ್ಪಳದಂತೆ ಬಿರುಕು ಬಿಡುತ್ತಿದ್ದರೆ ಇನ್ನು ಉಪಾಯವಿಲ್ಲ. ಬರೇ ಬಿಗಿಯಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ತುಸು ತೇವ ಮಾಡಿ, ಲೆದರ್ ಕಂಡೀಷನರ್ ತೆಳುವಾಗಿ ಎರಡು ಸಲ ಹಚ್ಚಿ, ಮರದ ಅಚ್ಚು ತೂರಿಸಿ ಎರಡು ದಿನ ನೆರಳಲ್ಲಿಡಿ. ಅಗಲ ಸ್ವಲ್ಪ ವಾಪಸ್ ಬರಬಹುದು. ಮುಂದೆ ನೆನೆದಾಗ ಒಳಸೋಲ್ ಹೊರತೆಗೆದು, ಹಳೆ ಪೇಪರ್ ಉಂಡೆ ಮಾಡಿ ಮೂತಿಯವರೆಗೆ ತುಂಬಿ, ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ಪೇಪರ್ ಬದಲಿಸಿ. ಫ್ಯಾನಿನ ಗಾಳಿ ಸಾಕು. ಶೂವನ್ನು ಅಡ್ಡ ಮಲಗಿಸಿದರೆ ಅಟ್ಟೆಯ ಅಡಿಗೂ ಗಾಳಿಯಾಡುತ್ತದೆ. ಜಡಿಮಳೆಯ ನಮ್ಮ ಆಟಿ ತಿಂಗಳ ಹವೆಯಲ್ಲಿ ಇದಕ್ಕೆ ಎರಡು ಮೂರು ದಿನ ಬೇಕು. ಒಳಗೆ ಕೈ ಹಾಕಿದಾಗ ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ, ಹಾಗೆಯೇ ಪೆಟ್ಟಿಗೆಗೆ ಹಾಕಿದರೆ ವಾರದಲ್ಲಿ ಬೂಸ್ಟು ಹಿಡಿಯುತ್ತದೆ.