ಪುಟ 128ರ ನಂತರ 113

ನಾನು ಆಪ್ತಸಲಹೆಗೆ ಕೂತು 19 ವರ್ಷವಾಯಿತು. ಮೊದಲೆಲ್ಲ ನಲವತ್ತೈದು ದಾಟಿದವರು ಬರುತ್ತಿದ್ದದ್ದು ಸಾಲಕ್ಕೆ, ಸೊಸೆಗೆ, ಮಕ್ಕಳ ಮದುವೆಯ ಚಿಂತೆಗೆ. ಈಚೀಚೆಗೆ ಹೊಸದೊಂದು ಸೇರಿದೆ. ಮಾತು ನಿದ್ದೆಯಿಂದಲೇ ಶುರುವಾಗುತ್ತದೆ. ಎದ್ದು ಹೋಗುವಾಗ ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಡುತ್ತಾರೆ. ತಾವೇ ಬರೆದದ್ದು, ತಾವೇ ದುಡ್ಡು ಹಾಕಿ ಅಚ್ಚು ಹಾಕಿಸಿದ್ದು. ಉಳಿದ ಪ್ರತಿಗಳು ಮಂಚದ ಕೆಳಗೆ. ಇಂಥವರಲ್ಲಿ ಆರನೆಯವರು ಬಂದು ಹೋದ ಮೇಲೆ ಬರೆಯದೆ ಇರಲಾಗಲಿಲ್ಲ. ಅವರ ಒಪ್ಪಿಗೆ ಇದೆ. ಗುರುತು ಸಿಗುವಂಥದ್ದೆಲ್ಲ ಬದಲಿಸಿದ್ದೇನೆ.

ಶಾರದಾ ಅನ್ನೋಣ. ವಯಸ್ಸು 49, ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಮಗಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ, ರಾತ್ರಿ ಅಡುಗೆಮನೆ ಒರೆಸಿ ಬಂದು ಊಟದ ಟೇಬಲ್ಲಿನ ಮೇಲೆ ಎರಡೂವರೆ ವರ್ಷ ಬರೆದ ಕಾದಂಬರಿ. ಇಬ್ಬರು ಪ್ರಕಾಶಕರಿಗೆ ಕಳಿಸಿದ್ದರು, ಉತ್ತರವೇ ಬರಲಿಲ್ಲ. ಚೊಚ್ಚಲ ಕೃತಿಗೆ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆಯಲ್ಲ ಅಂತ ವಿಚಾರಿಸಿದರೆ ಅದು ಯುವ ಬರಹಗಾರರಿಗೆ. ಕೊನೆಗೆ ಎರಡು ಬಳೆ ಅಡವಿಟ್ಟು, ಮಗಳ ಹೆಸರಲ್ಲೇ ಒಂದು ಪ್ರಕಾಶನ ಮಾಡಿಕೊಂಡು ಅಚ್ಚಿಗೆ ಕೊಟ್ಟರು. ಡೆಮಿ 1/8 ಅಳತೆ, 16 ಪುಟಕ್ಕೊಂದು ಫಾರಂನಂತೆ 15 ಫಾರಂ, 240 ಪುಟ, 500 ಪ್ರತಿ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಮಾಡಿಸಿಕೊಡುತ್ತೇನೆ ಅಂತ ಯಾರೋ ಒಬ್ಬರು 3,000 ರೂಪಾಯಿ ತೆಗೆದುಕೊಂಡಿದ್ದರು. (ನಮ್ಮ ದೇಶದಲ್ಲಿ ಅದು ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಕೊಡುತ್ತದೆ, ಅರ್ಜಿ ಹಾಕಿದರೆ ಆಯಿತು. ಆಪ್ತಸಲಹೆಗಾರ್ತಿ ಹೇಳಬೇಕಾದ ಮಾತಲ್ಲ, ಆದರೂ ಹೇಳುತ್ತೇನೆ.)

ಮೊದಲ ಮೂರು ಭೇಟಿಗಳನ್ನು ಬೇಗ ಮುಗಿಸುತ್ತೇನೆ. ನಿದ್ದೆ ಇಲ್ಲ, ಕಚೇರಿಯಲ್ಲಿ ಯಾರ ಮುಖವನ್ನೂ ನೋಡಲಾಗುವುದಿಲ್ಲ, ಯಾರಾದರೂ ನಕ್ಕರೆ ತನ್ನನ್ನೇ ನೋಡಿ ನಕ್ಕ ಹಾಗೆ. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ, ಇಲ್ಲ ಅಂದರು. ಈ ವಯಸ್ಸಿನಲ್ಲಿ ಮೈಯದ್ದೂ ಒಂದು ಪಾಲಿರುತ್ತದೆ ಅಂತ ವೈದ್ಯರ ಹತ್ತಿರ ಕಳಿಸಿದೆ, ಥೈರಾಯ್ಡ್ ಸ್ವಲ್ಪ ಏರುಪೇರಾಗಿತ್ತು. ಮಾತ್ರೆ ಶುರುವಾಯಿತು. ಆದರೆ ಮಾತು ಮಾತ್ರ ಸುತ್ತಿ ಸುತ್ತಿ ಒಬ್ಬ ಗೆಳತಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ನಾಲ್ಕನೆಯ ಸಲ ಪುಸ್ತಕ ತೆಗೆದು ಬಿಚ್ಚಿ ನನ್ನ ಮುಂದೆ ಇಟ್ಟರು. ಎಡಕ್ಕೆ 128, ಬಲಕ್ಕೆ 129 ಇರಬೇಕಾದ ಕಡೆ 113. ಬೈಂಡಿಂಗ್‌ನಲ್ಲಿ ಎಂಟನೆಯ ಫಾರಂ ಎರಡು ಸಲ ಬಿದ್ದಿತ್ತು, ಒಂಬತ್ತನೆಯದು ಇರಲೇ ಇಲ್ಲ. ಮನೆಯಲ್ಲಿದ್ದ ಕಟ್ಟುಗಳನ್ನು ಬಿಚ್ಚಿ ನೋಡಿದರೆ ಅವೂ ಹಾಗೇ.

"ಬಿಡುಗಡೆಯಾಗಿ ಎಂಟು ತಿಂಗಳು ಮೇಡಂ. 160 ಪ್ರತಿ ಹಂಚಿದೀನಿ. ಒಂದೇ ಗುಕ್ಕಿಗೆ ಓದಿದೆ ಅಂದವರು ಎಷ್ಟು ಜನ ಗೊತ್ತಾ?"

ನಿಮಗೆ ಹೇಗೆ ಗೊತ್ತಾಯಿತು ಅಂದೆ. ಒಬ್ಬ ಬಸ್ ಕಂಡಕ್ಟರ್ ಫೋನ್ ಮಾಡಿದ್ದನಂತೆ. ಪುಸ್ತಕ ಅವನ ಬಸ್ಸಿನ ಸೀಟಿನ ಮೇಲೆ ಸಿಕ್ಕಿದ್ದು. ಕೇಳಿಕೊಂಡು ಯಾರೂ ಬಂದಿಲ್ಲ. ಒಳಗೆ 'ಪ್ರೀತಿಯ' ಅಂತ ಶುರುಮಾಡಿ ಇವರೇ ಬರೆದುಕೊಟ್ಟ ಹೆಸರು: ಅದೇ ಗೆಳತಿಯದು. ರಾತ್ರಿಯೆಲ್ಲ ಕೂತು ಓದಿ ಅತ್ತೆ ಕಣೇ ಅಂದವರು.

ಇದನ್ನು ಅವರು ನನಗೆ ಮೂರು ಸಲ ಹೇಳಿದರು. ಮೂರು ಸಲವೂ ಗೆಳತಿಯ ಹೆಸರಿನ ಹತ್ತಿರ ದನಿ ಒಡೆಯಿತು. ಮೂರನೆಯ ಸಲ ನಾನು ತಡೆದೆ. ನೀವು ಫೋನ್ ತೆಗೆದ ಕೂಡಲೆ ಆ ಹುಡುಗ ಮೊದಲು ಏನಂದ?

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವನ ಮಾತನ್ನು ಅವನ ಧಾಟಿಯಲ್ಲೇ ಹೇಳಿದರು: "ಅಕ್ಕಾರ, 128 ಆದಮ್ಯಾಲೆ ಮತ್ತ 113 ಬಂದೈತ್ರಿ. ಆ ಹುಡುಗಿ ಬಸ್ ಹತ್ತಿದ್ಲೋ ಇಲ್ಲೋ?"

"ನೀವೇನಂದ್ರಿ?"

"ಸಾರಿ ಅಂದು ಫೋನ್ ಇಟ್ಟೆ."

"ಅವನು ಕೇಳಿದ್ದಕ್ಕೆ ಉತ್ತರ?"

ಅವರ ಹತ್ತಿರ ಉತ್ತರವಿರಲಿಲ್ಲ. ನಾನೂ ಮುಂದೆ ಕೇಳಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಅಚ್ಚಾಗಿ ಬಂದಮೇಲೆ ನಾನೂ ಓದಿಲ್ಲ ಮೇಡಂ, ಧೈರ್ಯವಾಗಲಿಲ್ಲ" ಅಂದರು. ಎಂಟು ತಿಂಗಳು ತಪ್ಪು ಕಾಣದವರ ಪಟ್ಟಿಯಲ್ಲಿ ಮೊದಲ ಹೆಸರು ಯಾರದು ಅಂತ ಅವರಿಗೆ ಆಗಲೇ ಗೊತ್ತಾಗಿತ್ತು. ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಇನ್ನು ಕೊಟ್ಟ ಸಲಹೆ. ಅವರು ಒಂದು ಉಪಾಯ ಹೂಡಿಕೊಂಡೇ ಬಂದಿದ್ದರು: ಹೊಗಳಿದ ಒಬ್ಬೊಬ್ಬರನ್ನೂ ಹಿಡಿದು, ಆ ಹುಡುಗಿ ಬಸ್ ಹತ್ತಿದ ಮೇಲೆ ಏನಾಯಿತು ಹೇಳಿ ಅಂತ ಪರೀಕ್ಷೆ ಮಾಡುವುದು. ಬೇಡ ಅಂದೆ. ಸುಳ್ಳು ಹೇಳಿದವರ ಪರ ವಹಿಸುತ್ತೀರಾ ಅಂತ ಅವರಿಗೆ ಸಿಟ್ಟು ಬಂತು. ಈ ಪ್ರಕರಣ ಕೇಳಿದ ನನ್ನ ಸಹೋದ್ಯೋಗಿಯೊಬ್ಬರೂ ಅದನ್ನೇ ಅಂದರು, ಮುಖಾಮುಖಿ ತಪ್ಪಿಸಿಬಿಟ್ಟಿರಿ ಅಂತ. ಇರಬಹುದು. ಆದರೆ ನಾನು ಕಂಡ ಹಾಗೆ ನಮ್ಮ ಕಡೆ ಪುಸ್ತಕ ಬಿಡುಗಡೆಗೆ ಬರುವವರು ಓದುಗರಾಗಿ ಬರುವುದಿಲ್ಲ, ಮುಯ್ಯಿ ಮಾಡಲು ಬರುತ್ತಾರೆ. ನಿಮ್ಮ ಮಗಳ ಮದುವೆಗೆ ಬಂದು ಕವರು ಕೊಟ್ಟ ಹಾಗೆ. ಬಂದರು, ಕೂತರು, ಉಪ್ಪಿಟ್ಟು ಕೇಸರಿಬಾತು ತಿಂದರು, ಚೆನ್ನಾಗಿದೆ ಅಂದರು. ಅದು ಪ್ರೀತಿಯೇ, ಸುಳ್ಳಲ್ಲ. ಓದಿದೆ ಅನ್ನುವುದೂ ಆ ಮುಯ್ಯಿಯದೇ ಒಂದು ಭಾಗ. ಅದನ್ನು ಓದು ಅಂತ ಲೆಕ್ಕ ಬರೆದುಕೊಂಡದ್ದು ಇವರು.

ಅವತ್ತಿನ ಸಭೆಯಲ್ಲಿ ಅತಿಥಿಗಳು ಹಳೆಯ ಕಾದಂಬರಿಕಾರ ಗಳಗನಾಥರ ಹೆಸರು ಎತ್ತಿದ್ದರಂತೆ, ಪುಸ್ತಕ ಹೊತ್ತು ಮನೆಮನೆಗೆ ಹೋಗಿ ಮಾರಿದ ಮಹನೀಯರು ಅಂತ. ಇಂಥ ಸಭೆಗಳಲ್ಲಿ ಆ ಹೆಸರು ಬಂದೇ ಬರುತ್ತದೆ. ಆದರೆ ಅವರು ಹೊತ್ತು ಹೋದದ್ದು ಹೊರಗೆ, ಊರ ಜನರ ಬಾಗಿಲಿಗೆ. ನಾವು ನಂಟರನ್ನು ಮನೆಗೆ ಕರೆದು ಕೈಗೆ ಕೊಡುತ್ತೇವೆ, ಆಮೇಲೆ ಓದಲಿಲ್ಲ ಅಂತ ಕೊರಗುತ್ತೇವೆ.

ಒಬ್ಬ ಓದುಗ ಸಿಕ್ಕಿದನಲ್ಲ, ಸಾಕು ಅಂತಲೂ ನಾನು ಹೇಳಲಿಲ್ಲ. ಸಾಲದು. ಬಳೆ ಇನ್ನೂ ಬಿಡಿಸಿಲ್ಲ. ಬಳೆ ಬಿಡಿಸುವವರೆಗೆ ಎರಡನೆಯ ಪುಸ್ತಕ ಬರೆಯಿರಿ, ಅಚ್ಚಿಗೆ ಕೊಡಬೇಡಿ ಅಂದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಆ ದುಡ್ಡು ಬಂದೇ ಬರುತ್ತದೆ ಅಂತ ನಂಬಿ ಬಡ್ಡಿ ಕಟ್ಟುತ್ತಾ ಕೂರಬೇಡಿ ಅಂದೆ. ಮಿಕ್ಕ ಪ್ರತಿಗಳಿಗೆ ಬಿಟ್ಟುಹೋದ ಫಾರಂ ಹಾಕಿಕೊಡಿ ಅಂತ ಮುದ್ರಕರನ್ನು ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಸಂಕೋಚ ಬೇಡ. ಮತ್ತೆ ಇವತ್ತೇ ಮಾಡಬೇಕಾದ ಒಂದೇ ಕೆಲಸ: ಆ ಹುಡುಗನಿಗೆ 16 ಪುಟ ಕಳಿಸಿ.

ಗೆಳತಿಯ ವಿಷಯ ಹಾಗೇ ಉಳಿದಿದೆ. ಎದುರು ಸಿಕ್ಕರೆ ನಗುತ್ತಾರೆ, ಮನೆಗೆ ಹೋಗುವುದಿಲ್ಲ. ಅದನ್ನು ನಾನು ಸರಿಮಾಡಿದೆ ಅಂತ ಹೇಳಿಕೊಳ್ಳಲಾರೆ.

ಮುಂದಿನ ಭೇಟಿಗೆ ಹದಿನೈದು ದಿನ ಬಿಟ್ಟು ಬಂದರು. ಕಂಪ್ಯೂಟರಿನಲ್ಲಿದ್ದ ಪುಟಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಕವರಿಗೆ ಹಾಕುವ ಮೊದಲು ಓದಿದರಂತೆ. ಎರಡು ಕಡೆ ಅಚ್ಚಿನ ತಪ್ಪು, ಒಂದು ಇಡೀ ಪ್ಯಾರಾ ಬೇಡವೇ ಬೇಡ ಅನ್ನಿಸಿತಂತೆ. ಆದರೂ ಇದ್ದದ್ದು ಇದ್ದಹಾಗೆ ಅಂಚೆಗೆ ಹಾಕಿದರು. ನಾಲ್ಕನೆಯ ದಿನ ಡ್ಯೂಟಿ ಮುಗಿಸಿ ಫೋನ್ ಮಾಡಿದ್ದಾನೆ.

"ಚೆನ್ನಾಗಿದೆ ಅಂದನಾ?" ಅಂದೆ. ತಪ್ಪು ಪ್ರಶ್ನೆ, ನನಗೂ ಬಾಯಿಗೆ ಬಂದದ್ದು ಅದೇ.

"ಇಲ್ಲ ಮೇಡಂ. ಬೈದ." ಮುಖದಲ್ಲಿ ನಗು ಇತ್ತು. "ರಾತ್ರಿ ಹನ್ನೊಂದೂವರೀಗೆ ಆ ರೂಟಿನ್ಯಾಗ ಬಸ್ಸ ಇಲ್ರಿ ಅಕ್ಕಾರ, ಆ ಹುಡುಗಿ ಯಾ ಬಸ್ ಹತ್ತಿದ್ಲು? ಒಂಬತ್ತೂ ಮುಕ್ಕಾಲಿನದು ಲಾಸ್ಟ್ ಬಸ್ಸು ಅಂದ."

ಅಷ್ಟು ಹೇಳಿ ಚೀಲದಿಂದ ತಮ್ಮ ಪ್ರತಿ ತೆಗೆದರು. ಜೆರಾಕ್ಸ್ ಹಾಳೆಗಳನ್ನು 128ರ ಮುಂದೆ ಅಂಟಿಸಿದ್ದರು. ಅದರಲ್ಲಿ ಒಂದು ಕಡೆ ಹನ್ನೊಂದೂವರೆ ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿತ್ತು.