‘ಕೆಪ್ಟ್ ಬ್ಯಾಕ್’ ಪ್ಯಾಕೇಜುಗಳನ್ನು ಏನು ಮಾಡಲಿ?

ಪ್ರಶ್ನೆ: ಸರ್, ನನ್ನ ಕಂಪ್ಯೂಟರಿನಲ್ಲಿರುವುದು ಉಬುಂಟು ಲಿನಕ್ಸ್. ತಂತ್ರಾಂಶಗಳ ಪ್ಯಾಕೇಜುಗಳನ್ನು ಹೊಸದು ಮಾಡಲು ಟರ್ಮಿನಲ್‌ನಲ್ಲಿ ಆಪ್ಟ್ ಅಪ್‌ಡೇಟ್, ಆಮೇಲೆ ಆಪ್ಟ್ ಅಪ್‌ಗ್ರೇಡ್ ಕೊಡುತ್ತೇನೆ. ಈಚೆಗೆ ಪ್ರತಿ ಸಲವೂ ಕೆಲವು ಪ್ಯಾಕೇಜುಗಳು ‘ಕೆಪ್ಟ್ ಬ್ಯಾಕ್’ ಎಂದು ಹಾಗೇ ಉಳಿಯುತ್ತಿವೆ. ಫುಲ್-ಅಪ್‌ಗ್ರೇಡ್ ಕೊಟ್ಟುಬಿಡು, ಎಲ್ಲಾ ಸರಿಹೋಗುತ್ತೆ ಅಂತಾನೆ ಗೆಳೆಯ. ಕೊಡಬಹುದಾ?

ಉತ್ತರ: ಈಗಲೇ ಬೇಡ. ನಿಮ್ಮ ಗೆಳೆಯರ ಮದ್ದು ಒಂದು ಕಾಯಿಲೆಗೆ ಸರಿ, ನಿಮಗೆ ಬಂದಿರುವುದು ಇನ್ನೊಂದಿರಬಹುದು.

ಆಪ್ಟ್ ಅಪ್‌ಗ್ರೇಡ್ ಬೇಕಾದರೆ ಹೊಸ ಪ್ಯಾಕೇಜು ತಂದುಕೊಳ್ಳುತ್ತದೆ, ಆದರೆ ಇರುವುದನ್ನು ಕಿತ್ತುಹಾಕುವುದಿಲ್ಲ. (ಹಳೆಯ ಆಪ್ಟ್-ಗೆಟ್ ಅಪ್‌ಗ್ರೇಡ್ ಹೊಸದನ್ನೂ ತರುವುದಿಲ್ಲ.) ಹೊಸ ಆವೃತ್ತಿ ಬರಬೇಕಾದರೆ ಹಳೆಯ ಲೈಬ್ರರಿಯೊಂದು (ಬೇರೆ ಪ್ರೋಗ್ರಾಮುಗಳು ಬಳಸುವ ಪ್ಯಾಕೇಜು) ಹೋಗಲೇಬೇಕು ಎಂದಾಗ ಅದು ಆ ಪ್ಯಾಕೇಜನ್ನು ಮುಟ್ಟುವುದೇ ಇಲ್ಲ. ಆಗ ಫುಲ್-ಅಪ್‌ಗ್ರೇಡ್ ಕೆಲಸಕ್ಕೆ ಬರುತ್ತದೆ. ಅದಕ್ಕೆ ತೆಗೆದುಹಾಕಲು ಅನುಮತಿ ಉಂಟು. ಅಪಾಯ ಇರುವುದೂ ಅಲ್ಲೇ.

ಆದರೆ ಉಬುಂಟುವಿನಲ್ಲಿ ಜಾಸ್ತಿ ಕಾಣುವ ಕಾರಣ ಬೇರೆ. ಅಪ್‌ಡೇಟ್‌ಗಳನ್ನು ಅಲ್ಲಿ ಎಲ್ಲರಿಗೂ ಒಟ್ಟಿಗೆ ಬಿಡುವುದಿಲ್ಲ. ಮೊದಲು ಸ್ವಲ್ಪ ಯಂತ್ರಗಳಿಗೆ, ತೊಂದರೆಯ ವರದಿ ಬರದಿದ್ದರೆ ಇನ್ನಷ್ಟಕ್ಕೆ. ಇದಕ್ಕೆ ಫೇಸಿಂಗ್ ಅನ್ನುತ್ತಾರೆ. 21.04ರಿಂದ ಆಪ್ಟ್ ಕೂಡ ಇದನ್ನು ಪಾಲಿಸುತ್ತದೆ. ನಿಮ್ಮ ಯಂತ್ರದ ಸರದಿ ಬಂದಿಲ್ಲ, ಅಷ್ಟೇ. ಇಲ್ಲಿ ಫುಲ್-ಅಪ್‌ಗ್ರೇಡ್ ಕೊಟ್ಟರೂ ಅವು ಅಲ್ಲೇ ಇರುತ್ತವೆ. ಭದ್ರತೆಯ ಅಪ್‌ಡೇಟ್‌ಗಳಿಗೆ ಈ ಸರದಿ ಇಲ್ಲ, ಅವು ಕೂಡಲೇ ಬರುತ್ತವೆ. ಹಾಗಾಗಿ ಕಾಯುವುದರಿಂದ ನಷ್ಟವಿಲ್ಲ.

ಯಾವ ಕಾರಣ ಅಂತ ತಿಳಿಯಲು ಆಪ್ಟ್-ಕ್ಯಾಶ್ ಪಾಲಿಸಿ ಎಂದು ಬರೆದು, ಮುಂದೆ ಪ್ಯಾಕೇಜಿನ ಹೆಸರು ಕೊಡಿ. ಈಚಿನ ಆವೃತ್ತಿಗಳಲ್ಲಿ ‘ಫೇಸ್ಡ್’ ಎಂದು ಶೇಕಡಾವಾರು ಸಮೇತ ತೋರಿಸುತ್ತದೆ. ಅದು ಕಂಡರೆ ಸುಮ್ನೆ ಬಿಟ್ಟುಬಿಡಿ. ಕಾಣದಿದ್ದರೆ ಆಪ್ಟ್-ಮಾರ್ಕ್ ಶೋಹೋಲ್ಡ್ ಕೊಟ್ಟು, ಯಾರಾದರೂ ಅದನ್ನು ಬದಲಾಗದಂತೆ ಹೋಲ್ಡ್ ಮಾಡಿಟ್ಟಿದ್ದಾರಾ ನೋಡಿ. ಅದೂ ಇಲ್ಲವಾದರೆ ಫುಲ್-ಅಪ್‌ಗ್ರೇಡ್‌ಗೆ ಮೈನಸ್ ಎಸ್ ಸೇರಿಸಿ ಓಡಿಸಿ. ಇದು ಬರೀ ಅಣಕು ಓಟ, ಸುಡೋ (ಅಡ್ಮಿನ್ ಅಧಿಕಾರ) ಕೂಡ ಬೇಡ. ‘ರಿಮೂವ್ಡ್’ ಎಂಬ ಪಟ್ಟಿಯನ್ನು ಒಂದೊಂದು ಹೆಸರೂ ಬಿಡದೆ ಓದಿ. ನಾನಂತೂ ಆ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಅಂತ ಕೊನೆಯಾಗುವ ಹೆಸರು ಕಂಡರೆ, ನಿಜವಾದ ಓಟದಲ್ಲಿ ಒಪ್ಪಿಗೆಯ ವೈ ಒತ್ತುವುದೇ ಇಲ್ಲ.

ಉಳಿದ ಪ್ಯಾಕೇಜನ್ನು ಆಪ್ಟ್ ಇನ್‌ಸ್ಟಾಲ್ ಎಂದು ಹೆಸರು ಹಿಡಿದು ಎಳೆದುಕೊಳ್ಳುವವರೂ ಇದ್ದಾರೆ. ಬರುತ್ತದೆ, ನಿಜ. ಆದರೆ ಅದನ್ನು ನೀವೇ ಕೇಳಿ ಹಾಕಿಸಿಕೊಂಡಿರಿ ಎಂದು ಆಪ್ಟ್ ಗುರುತು ಮಾಡಿಕೊಳ್ಳುತ್ತದೆ. ಮುಂದೆ ಅದು ಯಾರಿಗೂ ಬೇಡವಾದರೂ ಆಟೋರಿಮೂವ್ ಅದನ್ನು ತೆಗೆಯುವುದಿಲ್ಲ. ಹಾಗೆ ಮಾಡಿದ್ದರೆ ಆಪ್ಟ್-ಮಾರ್ಕ್ ಆಟೋ ಕೊಟ್ಟು ಗುರುತು ತಿದ್ದಿ.

ಪ್ರಶ್ನೆ: ‘ಕುಡ್ ನಾಟ್ ಗೆಟ್ ಲಾಕ್’ ಅಂತ ಬರುತ್ತದೆ. ಲಾಕ್ ಫೈಲ್ ಅಳಿಸಿ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಉತ್ತರ: ಅಳಿಸಬೇಡಿ! ತಾನಾಗಿಯೇ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಹಿನ್ನೆಲೆಯಲ್ಲಿ ಕೆಲಸ ಮಾಡುತ್ತಿರಬಹುದು, ಇನ್ನೊಬ್ಬರು ಕೈಹಾಕದಂತೆ ಹಾಕಿದ ಬೀಗ ಆ ಲಾಕ್. ಅದೂ ನೀವೂ ಒಟ್ಟಿಗೆ ಕೈಹಾಕಿದರೆ, ಆಪ್ಟ್‌ನ ಕೆಳಗೆ ಪ್ಯಾಕೇಜು ಹಾಕುವ ಡಿಪಿಕೆಜಿಯ ಲೆಕ್ಕವೇ ಕೆಡುತ್ತದೆ. ಸ್ವಲ್ಪ ಹೊತ್ತು ಕಾಯಿರಿ. ಕರೆಂಟ್ ಹೋಗಿ ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದ್ದರೆ ಮಾತ್ರ ಡಿಪಿಕೆಜಿಗೆ ಕಾನ್ಫಿಗರ್ ಮೈನಸ್ ಎ ಆಯ್ಕೆ ಕೊಟ್ಟು ಓಡಿಸಿ.

ಪ್ರಶ್ನೆ: ಅಪ್‌ಗ್ರೇಡ್ ನಡುವೆ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್ ಹಳೆಯದು ಇರಲಾ, ಹೊಸದು ಹಾಕಲಾ ಅಂತ ಕೇಳುತ್ತೆ. ಏನು ಒತ್ತಲಿ?

ಉತ್ತರ: ಮೊದಲು ಡಿ ಒತ್ತಿ, ವ್ಯತ್ಯಾಸ ನೋಡಿ. ನೀವು ಕೈಯಾರೆ ತಿದ್ದಿದ ಸಾಲುಗಳು ಅಲ್ಲಿ ಕಂಡರೆ ಎನ್ ಒತ್ತಿ, ನಿಮ್ಮದು ಉಳಿಯುತ್ತದೆ. ಹೊಸ ಫೈಲ್ ಪಕ್ಕದಲ್ಲೇ ಡಿಪಿಕೆಜಿ-ಡಿಸ್ಟ್ ಎಂಬ ಬಾಲದೊಂದಿಗೆ ಕೂತಿರುತ್ತದೆ. ಬಿಡುವಾದಾಗ ಎರಡನ್ನೂ ಎದುರುಬದುರು ಇಟ್ಟು, ಬೇಕಾದ ಸಾಲುಗಳನ್ನು ನಿಮ್ಮದಕ್ಕೆ ಸೇರಿಸಿಕೊಳ್ಳಿ.